ಕಂಪೆನಿಯಿಂದ ಬಂದ ಹಾಗೆಯೇ ಉಂಟು

ನನ್ನ ಜೀಪು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಕಾಲ ಅದು. ನಮ್ಮ ಮನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಬದಿಗೇ ಇರುವುದರಿಂದ, ಆ ಶೆಡ್ಡಿನ ಜಾಗದಲ್ಲಿ ಒಂದು ಅಂಗಡಿ ಕೋಣೆ ಕಟ್ಟಬೇಕೆಂದು ಮಗ ಹೊರಟಿದ್ದ. ಅವನ ಆಲೋಚನೆ ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ.

"ಅಪ್ಪ, ಮಳೆ ಬಿಡುವವರೆಗೆ ನಿಮಗೆ ಸಮಯ ಉಂಟು" ಎಂದ. "ಜೀಪು ತಾನಾಗಿ ಓಡಿ ಹೊರಗೆ ಬಂದ್ರೆ ಅಂಗಳದಲ್ಲಿ ಇರಲಿ, ನಾನು ಮಾತಾಡುವುದಿಲ್ಲ. ದೂಡಿ ತರಬೇಕಾದ್ರೆ ಮಾತ್ರ ಸೀದಾ ಗುಜರಿಗೆ."

ಗುಜರಿಯವ ಒಮ್ಮೆ ಬಂದು ನೋಡಿಯೂ ಹೋಗಿದ್ದ. ಎಲ್ಲಿಂದ ಕತ್ತರಿಸಬೇಕು ಎಂದು ಅವನು ಕೈಯಲ್ಲಿ ಗಾಳಿಗೆ ಗೆರೆ ಎಳೆದು ತೋರಿಸಿದಾಗ ನಾನು ಅವನಿಗೂ ಜೀಪಿಗೂ ನಡುವೆ ಹೋಗಿ ನಿಂತೆ.

ಬೆಳ್ತಂಗಡಿಯಿಂದ ನೆರಿಯದ ಕಡೆಗೆ ಸರ್ವಿಸ್ ಮಾಡುತ್ತಿದ್ದ ಜೀಪು ಅದು. ಬಸ್ಸು ಹೋಗಲು ಒಪ್ಪದ ಏರುಗಳಲ್ಲಿ ಜನ, ಅಕ್ಕಿ ಮೂಟೆ, ಕೋಳಿ, ಒಮ್ಮೆ ಮದುಮಗಳನ್ನೂ ಹೊತ್ತು ಹೋಗಿದೆ. ಈಗ ಎರಡನೆಯ ಗಿಯರಿನ ಹಲ್ಲು ಹೋಗಿತ್ತು, ಅದನ್ನು ಬಿಚ್ಚಿ ತೆಗೆದದ್ದರಿಂದ ಜೀಪು ಕದಲುತ್ತಿರಲಿಲ್ಲ. ಮಂಗಳೂರಿನಲ್ಲಿ ನಾನು ಹತ್ತದ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೆಟ್ಟಿಲು ಇಲ್ಲ. ಅಂಗಡಿಯವರು ಹಲ್ಲು ಹೋದ ಗಿಯರನ್ನು ಹಿಡಿದು ತಿರುಗಿಸಿ ನೋಡುವುದು, ತಲೆ ಆಡಿಸುವುದು, ಚಾ ಕೊಡುವುದು, ಅಷ್ಟೇ.

ಆಗ ನನ್ನ ಮೊಮ್ಮಗಳು, ಇದೇ ಮಗನ ಮಗಳು, ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿಯೇ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿದ್ದಳು. ಅವಳಿಗೆ ಓಡಿಸಲು ಬೇಕಾದದ್ದು ನನ್ನ ಜೀಪೇ! ಹೇಳುವಾಗ ಈಗಲೂ ನನಗೆ ನಗು ತಡೆಯುವುದಿಲ್ಲ. ಊರಿನ ಹುಡುಗಿಯರೆಲ್ಲ ಸ್ಕೂಟಿ ಸ್ಕೂಟಿ ಎನ್ನುವಾಗ ನನ್ನ ಪುಳ್ಳಿ, ಈ ಮೊಮ್ಮಗಳು, ಶೆಡ್ಡಿಗೆ ಹೋಗಿ ಸ್ಟೇರಿಂಗ್ ಹಿಡಿದು ಕುಳಿತುಕೊಳ್ಳುತ್ತಿದ್ದಳು.

ಒಂದು ಸಂಜೆ ಬಸ್ಸಿನಿಂದ ಇಳಿದವಳು ಚಪ್ಪಲಿ ಕೂಡ ತೆಗೆಯದೆ ಹೇಳಿದಳು, "ಅಜ್ಜ, ಇಂಟರ್ನೆಟ್ಟಿನಲ್ಲಿ ಗಾಡಿಗೆ ಆಲ್ಟ್ರೇಷನ್ ಮಾಡುವವರದ್ದೇ ಒಂದು ಕೂಟ ಉಂಟು. ಒಬ್ಬರು ಕೇಳುವುದು, ಹತ್ತು ಊರಿನವರು ಉತ್ತರ ಹೇಳುವುದು. ನಾವು ಸೇರುವ. ಗಿಯರು ಕೇಳುವ."

"ಮುಖ ನೋಡದವರು ನಮಗೆ ಗಿಯರು ಕೊಡ್ತಾರಾ ಮಗಾ?"

"ಮುಖ ನೋಡಿದವರು ಕೊಟ್ರಾ?"

ಒಳಗಿನಿಂದ ನನ್ನ ಹೆಂಡತಿ, "ಶುರುವಾಯ್ತು ಇಬ್ಬರದ್ದು" ಎಂದಳು.

ಕೂಟಕ್ಕೆ ಸೇರಲು ಒಂದು ಹೆಸರು ಬೇಕಂತೆ. ಸ್ವಂತ ಹೆಸರು ಯಾರೂ ಹಾಕುವುದಿಲ್ಲವಂತೆ. ಅವಳೇ 'ನೆರಿಯ ಜೀಪಜ್ಜ' ಎಂದು ಇಟ್ಟಳು. ಹೊಸದಾಗಿ ಸೇರಿದವರು ಮೊದಲು ಗಾಡಿಯ ಫೋಟೋ ಹಾಕಬೇಕು, ಅದರಲ್ಲಿ ಏನೇನು ಬದಲಿಸಿದ್ದೇವೆ ಎಂದು ಹೇಳಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಅದು ಅಲ್ಲಿಯ ಕ್ರಮ.

ಆ ಕ್ರಮವೇ ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ನನ್ನ ಜೀಪಿನಲ್ಲಿ ಬದಲಾಗದೆ ಉಳಿದದ್ದು ಬಹಳ ಕಡಿಮೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದ್ದು. ಗಿಯರ್ ಬಾಕ್ಸು ಒಂದು ಸಣ್ಣ ಲಾರಿಯದ್ದು, ಆ ಲಾರಿ ಮಾಡುವ ಕಂಪೆನಿಯೇ ಮುಚ್ಚಿ ಕಾಲವಾಗಿತ್ತು. ಹಿಂದೆ ಅಡಿಯ ಚೌಕಟ್ಟಾದ ಚಾಸಿಗೆ ತುಂಡು ಸೇರಿಸಿ ಉದ್ದ ಮಾಡಿದ್ದು, ಸ್ಪ್ರಿಂಗಿಗೆ ಪ್ಲೇಟು ಹೆಚ್ಚು ಹಾಕಿದ್ದು. ಸರ್ವಿಸ್ ಮಾಡುವ ನಾವೆಲ್ಲ ದಾಖಲೆಯಲ್ಲಿ ಬರೆಸದೆ ಇದನ್ನೇ ಮಾಡುತ್ತಿದ್ದೆವು. ಸಾರಿಗೆ ಇಲಾಖೆಯ ಬ್ರೇಕ್ ಇನ್ಸ್‌ಪೆಕ್ಟರ್ ನಿಲ್ಲಿಸಿ ಕೇಳಿದರೆ ನಮ್ಮೆಲ್ಲರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, "ಕಂಪೆನಿಯಿಂದ ಬಂದ ಹಾಗೆಯೇ ಉಂಟು ಸಾರ್." ಹೇಳಿ ಹೇಳಿ ಆ ಮಾತು ನಾಲಗೆಗೆ ಅಂಟಿಹೋಗಿತ್ತು.

ಗೆಳತಿಯ ಕ್ಯಾಮೆರಾ ತಂದು ಮೊಮ್ಮಗಳು ಫೋಟೋ ತೆಗೆಯಲು ನಿಂತಾಗ ನಾನು ಉದ್ದ ಮಾಡಿದ ಹಿಂಬದಿಗೆ ಟಾರ್ಪಾಲು ಹೊದೆಸಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಕೊಂಡೆ.

"ಅಜ್ಜ, ಬಾನೆಟ್ ತೆರೆಯಿರಿ."

"ಇಂಜಿನ್ ನೋಡಿ ಅವರಿಗೆ ಎಂತ ಆಗಬೇಕು? ಗಿಯರಲ್ವಾ ಹೋದದ್ದು?"

"ಟಾರ್ಪಾಲು ಯಾಕೆ?"

"ಧೂಳು ಬೀಳ್ತದೆ."

ಅವಳು ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದಳು. ಮತ್ತೆ ಎತ್ತಿ ಫೋಟೋ ತೆಗೆದಳು.

ಮರುದಿನ ಮೂಡುಬಿದಿರೆಯ ಸೈಬರ್ ಕೆಫೆಯಲ್ಲಿ ಅವಳ ಪಕ್ಕದಲ್ಲಿ ಕುಳಿತೆ. ಪ್ಲೈವುಡ್ಡಿನ ಗೂಡು, ಮೇಲೊಂದು ಫ್ಯಾನು, ಎದುರಿಗೆ ಟೀವಿಯ ಹಾಗಿನ ಪೆಟ್ಟಿಗೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವ, ಅಲ್ಲಿದ್ದದ್ದೆಲ್ಲ ಇಂಗ್ಲಿಷು. ಅವಳು ಓದಿ ಹೇಳಬೇಕು, ನಾನು ಹೇಳಿದ್ದನ್ನು ಅವಳು ಬರೆಯಬೇಕು. "ಏನೇನು ಬದಲಿಸಿದ್ದೀರಿ ಅಂತ ಹೇಳಿ" ಎಂದಳು.

ನನ್ನ ಬಾಯಿ ತಾನಾಗಿ ತೆರೆಯಿತು. "ಕಂಪೆನಿಯಿಂದ ಬಂದ ಹಾಗೆಯೇ ಉಂಟು. ಒಂದು ಬೋಲ್ಟು ಕೂಡ ಬದಲಿಸಲಿಲ್ಲ."

"ಅಜ್ಜ! ಇದು ಬದಲಿಸಿದವರದ್ದೇ ಕೂಟ ಮಾರಾಯ್ರೆ!"

"ನೀನು ಬರೆ. ಇದನ್ನು ಯಾರೆಲ್ಲ ಓದ್ತಾರೆ ಅಂತ ನಿನಗೆ ಗೊತ್ತುಂಟಾ? ಸಾರಿಗೆ ಆಫೀಸಿನವರೂ ಓದ್ಬಹುದು."

ಅವಳು ಕೆನ್ನೆ ಉಬ್ಬಿಸಿ, ನಾನು ಹೇಳಿದ ಹಾಗೆಯೇ ಬರೆದು, ಗಿಯರು ಎಲ್ಲಿ ಸಿಗುತ್ತದೆ ಎಂದೂ ಕೇಳಿದಳು.

ಆಮೇಲಿನ ದಿನಗಳಲ್ಲಿ ನನಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಗೇಟಿಗೆ ಹೋಗುವುದು, ಶೆಡ್ಡಿಗೆ ಹೋಗುವುದು, ಆಕಾಶ ನೋಡುವುದು. ಮೋಡ ತೆಳ್ಳಗಾದಷ್ಟೂ ಮಗನ ಮಾತು ಹತ್ತಿರ ಬಂದ ಹಾಗೆ. ಜೀವನದಲ್ಲಿ ಮೊದಲ ಸಲ ಮಳೆ ಬರಲಿ, ಇನ್ನೂ ಬರಲಿ ಎಂದು ಕೈ ಮುಗಿದೆ. "ಬಟ್ಟೆ ಒಣಗುವುದಿಲ್ಲ, ಇವರಿಗೆ ಮಳೆ ಬೇಕಂತೆ" ಎಂದು ಹೆಂಡತಿ ಬೈದಳು. ಮೊಮ್ಮಗಳ ಬಸ್ಸು ಬರುವ ಮೊದಲೇ ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಕಡೆಗೆ ತಾಳಲಾರದೆ ಮೂಡುಬಿದಿರೆಯ ಬಸ್ಸು ಹತ್ತಿ, ಕಾಲೇಜು ಬಿಡುವ ಹೊತ್ತಿಗೆ ಸೈಬರಿನ ಬಾಗಿಲಲ್ಲೇ ನಿಂತೆ.

ಉತ್ತರಗಳು ಬಂದಿದ್ದವು. ಒಬ್ಬ ಕೇಳಿದ್ದ, ಏನೂ ಬದಲಿಸದವರು ಇಲ್ಲಿಗೆ ಯಾಕೆ ಬಂದಿರಿ ಅಜ್ಜ, ದಾರಿ ತಪ್ಪಿತಾ? ಇನ್ನೊಬ್ಬ ನಮ್ಮ ಫೋಟೋಕ್ಕೇ ಕೆಂಪು ಉರುಟು ಗೆರೆ ಎಳೆದು ಹಾಕಿದ್ದ. ಟಾರ್ಪಾಲಿನ ಅಡಿಯಲ್ಲಿ ವೆಲ್ಡಿಂಗಿನ ಗೆರೆ ಕಾಣುತ್ತಿತ್ತು! ಮತ್ತೊಬ್ಬ ಪಾಪ, ನನ್ನ ಮಾತು ನಂಬಿ, ಕಂಪೆನಿಯ ಜೀಪಿನ ಗಿಯರು ತನ್ನಲ್ಲಿ ಉಂಟು, ಕಳುಹಿಸುತ್ತೇನೆ ಎಂದಿದ್ದ. ಕೊನೆಯಲ್ಲಿ ಆ ಕೂಟವನ್ನು ನೋಡಿಕೊಳ್ಳುವವನು ಬರೆದಿದ್ದ. ಮೊಮ್ಮಗಳು ಮೆಲ್ಲ ಓದಿ ಹೇಳಿದಳು. "ಈ ಗಾಡಿಯಲ್ಲಿ ಬದಲಾದದ್ದು ಏನೆಂದು ಸರಿಯಾಗಿ ತಿಳಿಸಬೇಕು. ಇಲ್ಲದಿದ್ದರೆ ಈ ಪುಟವನ್ನು ಮುಚ್ಚಲಾಗುವುದು."

ನಾನು ಕುರ್ಚಿ ಬಿಟ್ಟು ಎದ್ದೆ. "ಅಲ್ಲಿಯೂ ಒಬ್ಬ ಇನ್ಸ್‌ಪೆಕ್ಟರ್ ಇದ್ದಾನಾ? ಮುಚ್ಚಲಿ. ನಡಿ, ಹೋಗುವ."

"ಗಿಯರು ಕಳಿಸ್ತೇನೆ ಅಂದವರಿಗೆ ಎಂತ ಹೇಳುವುದು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಆಲೋಚಿಸಿದೆ. ಆ ಗಿಯರು ನನ್ನ ಬಾಕ್ಸಿನೊಳಗೆ ಕೂರುವುದೇ ಇಲ್ಲ. ಅದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೂ ಹೆಗಲ ಟವೆಲನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದೆ. ಹೆಂಡತಿಗೆ ವಿಷಯ ಹೇಳಿದೆ.

"ಕೂರದ ಗಿಯರು ತರಿಸಿ ಎಂತ ಮಾಡ್ತೀರಿ?" ಎಂದಳು. "ಉಪ್ಪಿನಕಾಯಿ ಹಾಕ್ಲಿಕ್ಕಾ? ಡಾಕ್ಟ್ರ ಹತ್ರ ಹೋಗಿ ಹೊಟ್ಟೆನೋವಿಲ್ಲ ಅಂತ ಹೇಳಿದ್ರೆ ಅವರು ಎಂತ ಮದ್ದು ಕೊಡುವುದು?"

ಮರುದಿನ ಬೆಳಿಗ್ಗೆ ಮೊಮ್ಮಗಳ ಜೊತೆಗೇ ಬಸ್ಸು ಹತ್ತಿದೆ. ಅವಳ ಕ್ಲಾಸು ಮುಗಿಯುವವರೆಗೆ ಮೂಡುಬಿದಿರೆಯ ಪೇಟೆಯನ್ನು ಆಚೆಯಿಂದ ಈಚೆಗೆ ಎಷ್ಟು ಸಲ ಅಳೆದೆನೋ ದೇವರಿಗೇ ಗೊತ್ತು. ಸೈಬರಿನ ಗೂಡಿನಲ್ಲಿ ಕುಳಿತು, "ಬರೆ" ಎಂದೆ.

ಹೇಳಲು ಶುರು ಮಾಡಿದವನಿಗೆ ನಿಲ್ಲಿಸಲು ಬರಲಿಲ್ಲ. ಇಂಜಿನ್ ಎಲ್ಲಿಂದ ಬಂತು, ಅದನ್ನು ಕೂರಿಸಲು ಯಾವ ಕಂಬಿ ಕತ್ತರಿಸಿದೆವು, ಲಾರಿಯ ಗಿಯರ್ ಬಾಕ್ಸಿಗೆ ಯಾಕೆ ಮನಸ್ಸಾಯಿತು, ನೆರಿಯದ ಏರಿನಲ್ಲಿ ಮೊದಲ ದಿನ ಅದು ಹೇಗೆ ಹತ್ತಿತು, ಹಿಂದೆ ಕುಳಿತ ಹೆಂಗಸರು ಹೇಗೆ ಕಿರುಚಿದರು, ಎಲ್ಲ. ಎಷ್ಟೋ ವರ್ಷ ಮೈಯೊಳಗೆ ಮುಚ್ಚಿಟ್ಟದ್ದು ಒಟ್ಟಿಗೆ ಹೊರಗೆ ಬಂತು. ಖುಷಿಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

"ಅಜ್ಜ, ಮೆಲ್ಲ, ಮೆಲ್ಲ! ನನಗೆ ಎರಡೇ ಕೈ ಇರುವುದು!" ಎಂದು ಮೊಮ್ಮಗಳು ಕೂಗಿದಳು. ಪಕ್ಕದ ಗೂಡಿನಿಂದ ಯಾರೋ, "ಹೇಳಿ ಅಜ್ಜ, ಆ ಹೆಂಗಸರು ಮತ್ತೆ ಇಳಿದ್ರಾ?" ಎಂದು ಕೇಳಿದರು. ಇಡೀ ಸೈಬರೇ ನಕ್ಕಿತು.

ಈ ಸಲ ಅವಳೇ ಎರಡು ದಿನ ಬಿಟ್ಟು ಉತ್ತರವನ್ನು ಕಾಗದಕ್ಕೆ ಪ್ರಿಂಟ್ ಮಾಡಿಸಿ ತಂದಳು. ನನ್ನ ಕತೆ ಓದಿ ಕೂಟದವರೆಲ್ಲ ಕುಣಿದಿದ್ದರಂತೆ. ನಾನು ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಆದರೆ ಒಬ್ಬ ಮಾತ್ರ ಹೊಗಳಿರಲಿಲ್ಲ. ಅವನ ಪ್ರಶ್ನೆ ಒಂದೇ. ಇಷ್ಟು ಭಾರದ ಇಂಜಿನ್ ಹಾಕಿ, ಗಾಡಿ ಇಷ್ಟು ಉದ್ದ ಮಾಡಿದ ಮೇಲೆ ಬ್ರೇಕ್ ಏನು ಮಾಡಿದ್ದೀರಿ?

ಬ್ರೇಕ್ ಹಳೆಯದೇ. ಅದೊಂದನ್ನೇ ನಾವು ಮುಟ್ಟಿರಲಿಲ್ಲ.

"ಹಾಗೆಯೇ ಹೇಳು" ಎಂದೆ. ಅವಳು ಮರುದಿನ ಸೈಬರಿಗೆ ಹೋಗಿ ಬರೆದು, ಉತ್ತರ ತಂದಳು. ಅವನು ಬರೆದದ್ದು ನನಗೆ ಸಿಟ್ಟು ತರಿಸಿತು. ಆ ಲಾರಿಯ ಗಿಯರ್ ಬಾಕ್ಸು ತನ್ನ ಮನೆಯಲ್ಲೇ ಬಿದ್ದಿದೆ, ಗಿಯರು ತಂದುಕೊಡುತ್ತೇನೆ, ಆದರೆ ಬ್ರೇಕ್ ಬದಲಿಸಿದರೆ ಮಾತ್ರ.

"ಇಷ್ಟು ವರ್ಷ ಓಡಿಸಿದವನಿಗೆ ಇವನು ಹೇಳಿಕೊಡುವುದಾ?" ಎಂದು ಮೂರು ಸಲ ಶೆಡ್ಡಿಗೆ ಹೋಗಿ ಬಂದೆ.

ಮೊಮ್ಮಗಳು ಜಗಲಿಯಲ್ಲಿ ಕುಳಿತು ಮೆಲ್ಲ ಕೇಳಿದಳು, "ಅಜ್ಜ, ಇಳಿಜಾರಿನಲ್ಲಿ ನೀವು ಹೇಗೆ ನಿಲ್ಲಿಸ್ತಿದ್ರಿ?"

"ಗಿಯರು ಇಳಿಸಿ, ಬ್ರೇಕನ್ನು ನಾಲ್ಕು ಸಲ ತುಳಿದು. ಆಗದಿದ್ರೆ ಗುಡ್ಡ ಕಡಿದ ಬದಿಯ ದರೆಗೆ ತಾಗಿಸಿ."

"ನಾನೂ ದರೆಗೆ ತಾಗಿಸುವುದಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ದರೆಯ ಕೆಂಪು ಮಣ್ಣು ಕಣ್ಣೆದುರು ಬಂತು, ಸ್ಟೇರಿಂಗಿನಲ್ಲಿ ಅವಳ ಕೈ ಬಂತು. "ಅವನಿಗೆ ಬರಲು ಹೇಳು" ಎಂದೆ. "ಬೇಗ ಬರಲು ಹೇಳು."

ಎಲ್ಲಿಯೋ ಪುಣೆಯವನೋ ದೆಹಲಿಯವನೋ ಎಂದು ನಾನು ತಿಳಿದಿದ್ದೆ. ಬಂದದ್ದು ಇಲ್ಲೇ ಬಂಟ್ವಾಳದ ಹತ್ತಿರದ ಫರಂಗಿಪೇಟೆಯಿಂದ! ಗಲ್ಫಿನಲ್ಲಿ ಗ್ಯಾರೇಜಿನಲ್ಲಿದ್ದು ಊರಿಗೆ ಬಂದ ಬ್ಯಾರಿ ಯುವಕ. ಸ್ಕೂಟರಿನ ಕಾಲಿಡುವಲ್ಲಿ ಗೋಣಿಚೀಲ, ಚೀಲದೊಳಗೆ ಗಿಯರು. ಇಳಿದವನೇ, "ನೆರಿಯ ಜೀಪಜ್ಜ ನೀವಾ?" ಎಂದ. ನನಗೆ ಅವನನ್ನು ಎತ್ತಿ ಆಡಿಸುವಷ್ಟು ಪ್ರೀತಿ ಬಂತು.

ಜೀಪಿನ ಅಡಿಗೆ ನುಗ್ಗಿ ಹೊರಗೆ ಬಂದು ಮೈ ಕೊಡವಿಕೊಂಡ. "ಅಜ್ಜ, ಇದರಲ್ಲಿ ಇಷ್ಟು ವರ್ಷ ಜನ ಹಾಕಿ ಓಡಿಸಿದ್ರಾ ನೀವು?"

"ಹೌದು."

"ನಿಮಗೆ ಹೆದರಿಕೆ ಇಲ್ಲದಿದ್ರೂ ಜನರಿಗೆ ಇರ್ಬೇಕಿತ್ತು ಮಾರ್ರೆ."

ಹೆಂಡತಿ ಅವನಿಗೆ ಚಾ ಕೊಡುತ್ತಾ, "ಇದನ್ನು ನಾನು ಹೇಳಿದ್ರೆ ಕೇಳುವವರಿಲ್ಲ. ನೀನು ಇನ್ನೂ ಸ್ವಲ್ಪ ಹೇಳು ಮಗ" ಎಂದಳು.

ಭಾನುವಾರಗಳಲ್ಲಿ ಅವನು ಬಂದ. ಕೆಲಸ ಅವನದ್ದು, ಗಡಿಬಿಡಿ ನನ್ನದು. ಬಾಕ್ಸು ಬಿಚ್ಚಿ ಗಿಯರು ಕೂರಿಸಿದ. ನಾಲ್ಕು ಚಕ್ರಕ್ಕೂ ದೊಡ್ಡ ಬ್ರೇಕ್ ಹಾಕಿದ. ಉದ್ದ ಮಾಡಿದ ಚಾಸಿಯ ಸೇರುವೆಯನ್ನೂ ಹೊಸದಾಗಿ ವೆಲ್ಡ್ ಮಾಡಿಸಿದ. "ಸಾರಿಗೆ ಆಫೀಸಿಗೆ ಹೋಗಿ ಇಂಜಿನ್ ಬದಲಿಸಿದ್ದನ್ನು ಬರೆಸುವ ಅಜ್ಜ, ಅದಕ್ಕೂ ದಾರಿ ಉಂಟು" ಎಂದ. ಹೌದೌದು ಎಂದೆ. ಆಮೇಲೆ ಅವನೇ ಕರೆದುಕೊಂಡು ಹೋದ.

ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ಮಗ ಶೆಡ್ಡಿನ ಎದುರು ಬಂದು ಕೈಕಟ್ಟಿ ನಿಂತ. ಯುವಕ ಮೂರು ಮಾರು ದೂರದಲ್ಲಿ, ಹೆಂಡತಿ ಜಗಲಿಯಲ್ಲಿ. ಮೊಮ್ಮಗಳು ಸ್ಟೇರಿಂಗಿನಲ್ಲಿ, ನಾನು ಅವಳ ಎಡಕ್ಕೆ. ಕೀ ತಿರುಗಿಸಿದಳು. ಜೀಪು ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ಹೊರಟಿತು. ಯಾರೂ ದೂಡಲಿಲ್ಲ! ಮಗನ ಮುಖ ನೋಡಬೇಕೆಂದಿದ್ದೆ, ಆದರೆ ನನ್ನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ಬೆಳ್ತಂಗಡಿಯ ಕಡೆಗೆ ತಿರುಗಿಸಿದಳು. ಎರಡನೆಯ ಗಿಯರು ಬೆಣ್ಣೆಗೆ ಬೆರಳು ಹಾಕಿದ ಹಾಗೆ ಬಿತ್ತು.

ನನಗೆ ಒಂದು ಕ್ಷಣ ನೆಮ್ಮದಿ ಇಲ್ಲ. "ಎಡಕ್ಕೆ, ಎಡಕ್ಕೆ. ಹಾರ್ನ್ ಹಾಕು. ಸೈಕಲಿನವ ನೋಡು."

"ಅಜ್ಜ, ಸ್ವಲ್ಪ ಬಾಯಿ ಮುಚ್ಚಿ ಕೂರ್ತೀರಾ?"

ಮುಂದೆ ಇಳಿಜಾರು, ಅದರ ಬುಡದಲ್ಲಿ ಜನ ಇಳಿಸಲು ನಿಂತ ಬಸ್ಸು. ನನ್ನ ಬಲಗಾಲು ತಾನಾಗಿ ತಗಡಿನ ನೆಲವನ್ನು ಒತ್ತತೊಡಗಿತು, ಒಂದು, ಎರಡು, ಕಣ್ಣು ದರೆಯನ್ನು ಹುಡುಕಿತು. ಅವಳು ಒಂದೇ ಸಲ ತುಳಿದಳು. ಜೀಪು ನಿಂತೇಬಿಟ್ಟಿತು, ಬಸ್ಸಿಗೆ ಇನ್ನೂ ಎಷ್ಟೋ ದೂರ ಇರುವಾಗಲೇ. ನನ್ನ ಹಣೆ ಎದುರಿನ ಗಾಜಿಗೆ ಠಪ್ಪೆಂದು ಬಡಿಯಿತು.

"ಅಯ್ಯೋ ಅಜ್ಜ! ನೋವಾಯ್ತಾ?"

ನಾನು ಹಣೆ ಹಿಡಿದುಕೊಂಡು ನಗುತ್ತಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ನನ್ನ ಕೈಯಲ್ಲಿದ್ದಷ್ಟು ಕಾಲ ಅದು ಒಮ್ಮೆಯೂ ಹೀಗೆ ನಿಂತದ್ದಿಲ್ಲ. "ಇನ್ನೊಮ್ಮೆ ನಿಲ್ಲಿಸು ಮಗಾ" ಎಂದೆ. "ಸ್ವಲ್ಪ ಮುಂದೆ ಹೋಗಿ ಇನ್ನೊಮ್ಮೆ ನಿಲ್ಲಿಸು."