ಸೂರಪ್ಪ ಕಂಡ ಬೇರು

ದಾವಣಗೆರೆಯ ಹತ್ತಿ ಗಿರಣಿ ಬಾಗಿಲು ಹಾಕಿದಾಗ ಸೂರಪ್ಪನ ಮೀಸೆ ಇನ್ನೂ ಕಪ್ಪಗಿತ್ತು. ಹರಿದ ನೂಲನ್ನು ಬೆರಳ ತುದಿಯಲ್ಲಿ ಬೆಸೆಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ನಿಟ್ಟುವಳ್ಳಿಯಲ್ಲಿ ಒಂದಷ್ಟು ಕಾಲ ಸೈಕಲ್ ಪಂಕ್ಚರ್ ಹಾಕಿದ, ಮಂಡಿಪೇಟೆಯಲ್ಲಿ ಮೂಟೆ ಹೊತ್ತ. ಕೊನೆಗೆ ಅವನನ್ನು ನೆಲೆ ನಿಲ್ಲಿಸಿದ್ದು ಹೆಂಡತಿ ಸರೋಜಾಳಿಗೆ ತವರಿನಿಂದ ಬಂದ, ಹರಿಹರದಾಚೆ ಹೊಳೆ ದಂಡೆಯ ಒಂದು ತುಂಡು ಹೊಲ. ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಹೋಗುವರು, ಹೊತ್ತು ಇಳಿದ ಮೇಲೆ ಬರುವರು.

ಟೊಮೆಟೊ ಹಾಕುವುದನ್ನು ಕಲಿಸಿದವನು ಪಕ್ಕದ ಹೊಲದ ನಬೀ ಸಾಬ್. ಮೊದಮೊದಲು ಬೆಳೆ ಹೇಳಿದ ಮಾತು ಕೇಳಿತು. ಆಮೇಲೆ ಏನಾಯಿತೋ, ಬುಡದಲ್ಲಿ ತೇವವಿದ್ದರೂ ಮಟಮಟ ಮಧ್ಯಾಹ್ನ ಗಿಡಗಳು ತಲೆ ಬಾಗಿಸತೊಡಗಿದವು. ಎಲೆ ಹಳದಿಯಾಗಿ, ಕಾಯಿ ಗೋಲಿಯಷ್ಟಕ್ಕೇ ನಿಂತುಬಿಡುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಸರೋಜಾ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಹೊತ್ತಳು. ಒಂದು ದಿನ ಸಿಟ್ಟು ತಡೆಯದೆ ಸೂರಪ್ಪ ಒಂದು ಗಿಡವನ್ನು ಕಿತ್ತೇ ಬಿಟ್ಟ. ಬೇರು ಬೇರಿನಂತಿರಲಿಲ್ಲ. ಹಸಿಶುಂಠಿಯಂತೆ ಊದಿ, ಉದ್ದಕ್ಕೂ ಗಂಟುಗಂಟಾಗಿತ್ತು.

ನಬೀ ಸಾಬ್ ಬಂದು ನೋಡಿದ. "ಗಂಟುಬೇರು ಬಿದ್ದೈತೆ ಸೂರಪ್ಪ. ಮಣ್ಣಾಗ ಹುಳ ಇರ್ತಾವ ಅಂತಾರೆ. ನಾನಂತೂ ಕಣ್ಣಾರೆ ನೋಡಿಲ್ಲಪ್ಪ."

ಸೂರಪ್ಪ ಮಣ್ಣನ್ನು ಬೊಗಸೆಯಲ್ಲಿ ಹಿಡಿದು, ಪುಡಿ ಮಾಡಿ, ಬಿಸಿಲಿಗೆ ಹರವಿ ಹುಡುಕಿದ. ಒಂದು ಹುಳವೂ ಕಾಣಲಿಲ್ಲ. ಕಾಣದ ವೈರಿಯ ಕೂಡ ಗುದ್ದಾಡುವುದು ಹೇಗೆ? ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನೆಟ್ಟಗೆ ವಿದ್ಯಾನಗರಕ್ಕೆ ಹೋದ. ಗಿರಣಿಯಲ್ಲಿ ಜೊತೆಗಿದ್ದ ಮಾರುತಿಯ ಮಗಳು ಸುಷ್ಮಾ ಅಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಗಂಟುಬೇರಿನ ಮೇಲೇ ಅವಳ ಓದು ನಡೆದಿತ್ತು.

"ಬರ್ರಿ ದೊಡ್ಡಪ್ಪ, ಕೂಡ್ರಿ," ಎಂದವಳು ಒಂದು ಗಂಟನ್ನು ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸೂರಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ಮುತ್ತಿನಂತೆ ಹೊಳೆಯುವ ಪುಟ್ಟ ಸೋರೆಬುರುಡೆಯಂಥದ್ದೊಂದು ಕಂಡಿತು, ಅದಕ್ಕೊಂದು ಸಣ್ಣ ಕತ್ತು.

"ಇದೇನವ್ವ, ಇಷ್ಟು ಚೆಂದ ಐತೆ!"

"ಇದೇ ನಿಮ್ಮ ಹುಳ. ಹೆಣ್ಣು. ಬೇರಿನೊಳಗೆ ಹೊಕ್ಕು ಕೂತ ಜಾಗ ಬಿಟ್ಟು ಕದಲೋದಿಲ್ಲ. ಗಿಡದ ಕೈಲೇ ಅಡುಗೆ ಮಾಡಿಸ್ಕೊಂಡು ಉಣ್ತೈತೆ, ನೂರಾರು ಮೊಟ್ಟೆ ಇಡ್ತೈತೆ."

ಆಮೇಲೆ ಅವಳು ಇನ್ನೊಂದು ಗಿಡದ ಬೇರಿನ ಎಳೆ ಅಂಟಿಸಿದ್ದ ಗಾಜಿನ ಚೂರು ಇಟ್ಟಳು. ಬಣ್ಣ ಹಾಕಿದ ಆ ಬೇರಿನಲ್ಲಿ ಕೂದಲೆಳೆಗಿಂತ ಸಣ್ಣದಾದ ಒಂದು ಹುಳ ಕೆಂಪಗೆ ಕಾಣುತ್ತಿತ್ತು. ಅದರ ಬಾಯಿಯ ಸುತ್ತ ಮಾತ್ರ ಸುಟ್ಟಂತೆ ಕಂದು ಕಲೆ.

"ಇದು ಹುಳ ತಡೆಯೋ ತಳಿ ದೊಡ್ಡಪ್ಪ. ಹುಳ ಬಾಯಿ ಇಟ್ಟ ಕೂಡಲೇ ಬೇರು ಆ ಜಾಗದ ತನ್ನ ಜೀವಕಣಗಳನ್ನ ತಾನೇ ಕೊಂದ್ಕೊಳ್ತು. ಉಣ್ಣಾಕ ಏನೂ ಸಿಗದೆ ಹುಳ ಉಪವಾಸ ಸತ್ತೋತು."

ಸೂರಪ್ಪ ಕಣ್ಣು ಬದಲಿಸಿ ಇನ್ನೊಮ್ಮೆ ನೋಡಿದ. ತಲೆ ಎತ್ತಿದಾಗ ಕಣ್ಣು ತುಂಬಿತ್ತು. "ಕಣ್ಣಿಲ್ಲ, ಕಿವಿಯಿಲ್ಲ. ಕತ್ಲಾಗ ಯಾರು ಬಂದ್ರು ಅಂತ ಬೇರಿಗೆ ಹೆಂಗ ತಿಳೀತವ್ವ?"

"ಬೀಜದಾಗ ಬಂದ ಗುಣ. ಹೆಂಗೆ ಗುರುತು ಹಿಡೀತೈತೆ ಅನ್ನೋದು ಪೂರ್ತಿ ನಮಗೂ ಗೊತ್ತಾಗಿಲ್ಲ," ಎಂದಳು ಸುಷ್ಮಾ. ಆ ಗುಣ ಬಂದ ದಾರಿಯನ್ನೂ ಹೇಳಿದಳು. ಸಮುದ್ರಗಳಾಚೆ ಪೆರು ದೇಶದ ಸೀಮೆಯ ಒಂದು ಕಾಡು ಟೊಮೆಟೊ. ಹಣ್ಣು ಮಾಗಿದರೂ ಹಸಿರು, ಬಾಯಿಗಿಡುವಂಥದ್ದಲ್ಲ. ಊರ ಟೊಮೆಟೊದೊಡನೆ ಕೂಡಿಸಿದರೆ ಬೀಜ ಕಾಯೊಳಗೇ ಸಾಯುತ್ತಿತ್ತು. ಎಂಬತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಆ ಎಳೆಯ ಪಿಂಡವನ್ನು ಕಾಯಿಂದ ತೆಗೆದು ಗಾಜಿನ ನಳಿಗೆಯಲ್ಲಿ ಸಾಕಿದರು. ಹಾಗೆ ಬದುಕಿದ ಒಂದು ಕೂಸಿನ ವಂಶವೇ ಇವತ್ತು ದೇಶದೇಶಗಳ ಹೊಲಗಳಲ್ಲಿ ಹಬ್ಬಿದೆ.

ಸೂರಪ್ಪ ಎದ್ದು ನಿಂತು ಆ ಗಾಜಿನ ಚೂರಿಗೆ ಕೈಮುಗಿದ. ಸುಷ್ಮಾ ನಗಲಿಲ್ಲ.

ಅವಳು ಹೇಳಿದ ತಳಿಯ ಸಸಿಗಳನ್ನೇ ತಂದು ಆ ಬೇಸಿಗೆಯ ಬಾಯಲ್ಲಿ ನೆಟ್ಟ. ಬಿಸಿಲು ಏರಿತು. ನೆಲ ಹೆಂಚಿನಂತೆ ಕಾಯಿತು. ಗಿಡಗಳು ಮತ್ತೆ ಬಾಡಿದವು. ಕಿತ್ತು ನೋಡಿದರೆ ಅಲ್ಲಲ್ಲಿ ಗಂಟು. "ಎಲ್ಲಾ ಓದಿದೋರ ಕತಿ," ಎಂದಳು ಸರೋಜಾ. ಸೂರಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಸುದ್ದಿ ತಿಳಿದು ಸುಷ್ಮಾ ಸ್ಕೂಟರಿನಲ್ಲಿ ಹೊಲಕ್ಕೇ ಬಂದಳು. ಮಣ್ಣು ಮುಟ್ಟಿ ನೋಡಿ ಕೈ ಹಿಂದೆಗೆದಳು. "ಇದು ನಾನು ಮೊದ್ಲೇ ಹೇಳ್ಬೇಕಿತ್ತು ದೊಡ್ಡಪ್ಪ. ಮಣ್ಣು ಇಷ್ಟು ಕಾದ್ರೆ ಬೇರಿಗೆ ಆ ಶಕ್ತಿ ಉಳಿಯಲ್ಲ. ಮಳೆಗಾಲಕ್ಕೆ ಹಚ್ರಿ, ಮಣ್ಣು ತಂಪಿರಾಕ ಬುಡಕ್ಕೆ ಭತ್ತದ ಹುಲ್ಲು ಹೊದಿಸ್ರಿ. ಅಲ್ಲೀಗಂಟ ಚೆಂಡು ಹೂವು ಹಾಕ್ರಿ, ಅದರ ಬೇರು ಈ ಹುಳಕ್ಕೆ ಆಗಿಬರಲ್ಲ."

ಹೂವು ಹಾಕಿದರು. ಮಳೆ ಹಿಡಿದ ಮೇಲೆ ಹೂವಿನ ಗಿಡ ಮಣ್ಣಿಗೆ ಸೇರಿಸಿ ಮತ್ತೆ ಅದೇ ತಳಿ ನೆಟ್ಟರು. ನಬೀ ಸಾಬ್ ತನ್ನ ಗದ್ದೆಯ ಹುಲ್ಲು ಕೊಟ್ಟ. ಈ ಸಲ ಗಿಡ ಸೊಂಟದೆತ್ತರ ಬಂತು. ಮಧ್ಯಾಹ್ನವೂ ತಲೆ ಬಗ್ಗಿಸಲಿಲ್ಲ. ಗೊಂಚಲು ಗೊಂಚಲು ಕಾಯಿ.

ಆದರೂ ಸೂರಪ್ಪನ ಜೀವ ತಡೆಯಬೇಕಲ್ಲ. ಕಾಯಿ ತುಂಬಿದ ಒಂದು ಗಿಡವನ್ನೇ ಬುಡಸಹಿತ ಎತ್ತಿದ.

"ಅಯ್ಯೋ, ತಲಿ ಕೆಟ್ಟೈತೇನ್ರಿ ನಿಮಗ!" ಎಂದು ಸರೋಜಾ ಓಡಿ ಬಂದಳು.

ಅವನು ಬೇರನ್ನು ಕೊಡದ ನೀರಲ್ಲಿ ಅದ್ದಿ ತೆಗೆದ. ಬೆಳ್ಳಗೆ, ನೀಳವಾಗಿ, ಒಂದೂ ಗಂಟಿಲ್ಲದೆ ಬೇರು ಬೆರಳುಗಳ ನಡುವೆ ಇಳಿಬಿತ್ತು. ಸರೋಜಾಳ ಬೈಗುಳ ಅರ್ಧಕ್ಕೇ ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಬಾಣಂತಿಯ ಮಗ್ಗುಲ ಕೂಸನ್ನು ಮುಟ್ಟುವ ಹಾಗೆ ಅದನ್ನು ಮುಟ್ಟಿದಳು.

"ಒಳಗೊಳಗೇ ಎಷ್ಟು ದುಡಿದೈತೆ ನೋಡ್ರಿ," ಎಂದಳು ಮೆಲ್ಲಗೆ. "ತಡ ಮಾಡಬ್ಯಾಡ್ರಿ, ಹಚ್ರಿ ವಾಪಸ್. ಬದುಕ್ಕೊಂತೈತೆ."

ಇಬ್ಬರೂ ಕೂತು ಮಣ್ಣು ತೋಡಿದರು.