ಹೂವು ಹೊದ್ದ ಪಾತಿ

ಐವತ್ತರ ದಶಕದ ಸರಸ್ವತಿಪುರಂನಲ್ಲಿ, ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಮನೆ ಮುಂದೆ, ಬೀದಿಯ ಅಂಚಿನಲ್ಲಿ ಬದನೆ ಪಾತಿ ಮಾಡಿದ್ದರು. ಬೀದಿ ನಲ್ಲಿಗೆ ಓಡುವ ನಾವು ಮಕ್ಕಳೆಲ್ಲ ಅದನ್ನು ತುಳಿದು ಗಟ್ಟಿ ಮಾಡುತ್ತಿದ್ದೆವು.

"ಮಣ್ಣಿಗೆ ಉಸಿರಾಡೋಕೆ ಬುಡ್ರೋ!" ಎಂದು ಅವರು ದಿನವೂ ಕೈಮುಗಿಯುತ್ತಿದ್ದರು. ನಾವು ಕೇಳಲಿಲ್ಲ.

ಒಂದು ದಿನ ಅವರು ಮನೆಮನೆಯಿಂದ ದೇವರಿಗೆ ಮುಡಿಸಿ ತೆಗೆದ ಹೂವು ತಂದು, ಗೊಬ್ಬರ ಬೆರೆಸಿದ ಪಾತಿಯ ತುಂಬ ಹೊದಿಸಿದರು.

"ದೇವರ ಹೂವು ಕಣ್ರೋ, ತುಳೀಬೇಡಿ!" ಎಂದು ಅಮ್ಮಂದಿರೇ ಗದರಿದರು. ಅಂದಿನಿಂದ ಎಲ್ಲರೂ ಸುತ್ತಿ ನಡೆದೆವು. ದಿನವೂ ಹೊಸ ಹೂವು ಬೀಳುತ್ತಿತ್ತು. ಹಳೆಯದು ಕೊಳೆತು ಮಣ್ಣು ಮೆತ್ತಗಾಯಿತು.

ಬದನೆ ಬಿಟ್ಟಾಗ, ನಡುವಿನ ಕಾಯಿ ಕೀಳಲು ತಾತ ಕಾಲೆತ್ತಿದರು.

"ಹೂವು ತಾತಾ, ಹೂವು!" ಎಂದು ನಾವು ಕೂಗಿದೆವು.

ಅವರು ನಗುತ್ತ ಅಂಚಿನಲ್ಲಿ ಬೋರಲು ಮಲಗಿ ಕೈಚಾಚಿದರು. ಕೆನ್ನೆ ಮಣ್ಣಿಗೆ ತಾಗಿತ್ತು.

"ಸುಮ್ಕಿರ್ರೋ," ಎಂದರು, "ಉಸಿರಾಡ್ತಾ ಐತೆ."