ಮೌನಿಯ ಅವತಾರ

ಕನ್ನಡಕದ ಅಂಗಡಿಯವನಿಗೆ ಇದ್ದವಳು ಒಬ್ಬಳೇ ಅಕ್ಕ. ಮಕ್ಕಳಿಗೆ ಈಜು ಕಲಿಸುವುದರಲ್ಲೇ ಆಯಸ್ಸು ಕಳೆದವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಕೊಳದ ಅಂಚಿನಲ್ಲಿ ನಿಂತು ಅವಳು ಗದರಿದರೆ ನೀರೊಳಗೆ ಮುಳುಗಿದ್ದವರಿಗೂ ಕೇಳುತ್ತಿತ್ತು ಎಂದು ಜನ ನಗುತ್ತಿದ್ದರು. ಕೊನೆಗೆ ಮೊಣಕಾಲುಗಳೇ ಅವಳಿಗೆ ಕೈಕೊಟ್ಟವು. ಶಸ್ತ್ರಚಿಕಿತ್ಸೆಗೆಂದು ಅವಳು ಆಸ್ಪತ್ರೆಯಲ್ಲಿದ್ದಾಗಲೇ ತಮ್ಮ ಅವಳ ಬಾಡಿಗೆ ಮನೆ ಖಾಲಿ ಮಾಡಿಸಿ, ಸಾಮಾನೆಲ್ಲ ತನ್ನ ಮನೆಗೆ ಸಾಗಿಸಿದ. ಅಕ್ಕನನ್ನು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡು ಭೇಷ್ ಅನ್ನಿಸಿಕೊಂಡ.

ಅವನೂ ಹೆಂಡತಿಯೂ ಇದ್ದ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡಳು. ದಿನ ಕಳೆದಂತೆ ಅವಳ ದನಿ ಪಕ್ಕದ ಕೋಣೆಗೂ ಕೇಳದಷ್ಟು ಸಣ್ಣಗಾಯಿತು.

ಅದನ್ನು ನೋಡಲಾಗದೆ ತಮ್ಮ ಒಂದು ವಿ.ಆರ್. ಹೆಡ್‌ಸೆಟ್ ತಂದ. ಅಂಗಡಿಯ ಗಿರಾಕಿಯೊಬ್ಬನಿಂದ ಅದರ ಪದಗಳನ್ನೆಲ್ಲ ಕಲಿತುಕೊಂಡು ಬಂದಿದ್ದ. ಅಕ್ಕನ ಎದುರು ಕೂತು ತನಗೆ ಗೊತ್ತಿದ್ದ ಕಸುಬಿನ ಮಾತಿನಲ್ಲೇ ವಿವರಿಸಿದ.

"ವಿ.ಆರ್. ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಅಕ್ಕ. ಈ ಕೋಣೆ ಪೂರ್ತಿ ಮಾಯ, ಬೇರೆಯದೇ ಜಾಗ ಕಾಣುತ್ತೆ. ಎ.ಆರ್. ಅನ್ನೋದು ಕನ್ನಡಕದ ಹಾಗೆ. ಕೋಣೆ ಇದ್ದಲ್ಲೇ ಇರುತ್ತೆ, ಅದರೊಳಗೆ ಇಲ್ಲದ ಹೂಕುಂಡ ಬಂದು ಕೂತ ಹಾಗೆ ಕಾಣುತ್ತೆ."

ಎರಡು ಕೈಗೂ ಒಂದೊಂದು ಕಂಟ್ರೋಲರ್ ಕೊಟ್ಟು, ಆ ಲೋಕದಲ್ಲಿ ಇವೇ ನಿನ್ನ ಕೈ ಎಂದ. ನೆಲದ ಮೇಲೆ ಗಡಿಯೊಂದನ್ನು ಗುರುತು ಮಾಡಿ, ಕೈ ಬೀರುವಿಗೆ ಬಡಿಯುವ ಮೊದಲೇ ಕಣ್ಣ ಮುಂದೆ ಗೆರೆಗಳ ಬಲೆ ಮೂಡುವುದನ್ನು ತೋರಿಸಿದ. ಊರೂರಿನ ಜನ ಇದ್ದಲ್ಲಿಂದಲೇ ಬಂದು ಕಲೆತು ಓಡಾಡುವ ಇಂಥ ಲೋಕಕ್ಕೆ ಮೆಟಾವರ್ಸ್ ಎನ್ನುತ್ತಾರೆ, ಅಲ್ಲಿ ನಮ್ಮ ಬದಲು ತಿರುಗಾಡುವ ಆಕೃತಿಗೆ ಅವತಾರ್ ಎನ್ನುತ್ತಾರೆ ಎಂದೂ ತಿಳಿಸಿದ.

"ನನ್ನ ಈಗಿನ ಅವತಾರ ನೋಡೋಕಾಗದೆ ಬೇರೆ ಕೊಡಿಸ್ತಿದ್ದೀಯಾ?" ಎಂದಳು ಅಕ್ಕ. ಬಹಳ ದಿನಗಳ ಮೇಲೆ ಅವಳು ಆಡಿದ ತಮಾಷೆ ಅದು. ಉದ್ದ ಕಾಲಿನ, ಹಸಿರು ಕೂದಲಿನ ಹುಡುಗಿಯ ಅವತಾರ್ ಆರಿಸಿಕೊಂಡು, ಒಂದು ಸರೋವರದ ದಡಕ್ಕೆ ದಿನವೂ ಹೋಗತೊಡಗಿದಳು.

ಗೊತ್ತಿಲ್ಲದವರು ಅಕ್ಕನಿಗೆ ಟೋಪಿ ಹಾಕಿಯಾರು ಎಂಬ ಭಯ ತಮ್ಮನಿಗೆ. ಆ ಲೋಕಕ್ಕೆ ಕಂಪ್ಯೂಟರಿನಿಂದಲೂ ಹೋಗಬಹುದಿತ್ತು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು, ಕರಡಿಯೊಂದರ ಅವತಾರ್ ತೊಟ್ಟು, ದನಿ ಗುರುತು ಸಿಗಬಾರದೆಂದು ಮೈಕ್ ಮ್ಯೂಟ್ ಮಾಡಿ ಹೋದ. ಒಮ್ಮೆ ನೋಡಿಕೊಂಡು ಬಂದು, ಸಂಜೆ ಹೇಳಿ ನಗಿಸಿದರಾಯಿತು ಎಂದುಕೊಂಡಿದ್ದ.

ಹಸಿರು ಕೂದಲಿನ ಹುಡುಗಿ ಕರಡಿಯನ್ನು ಮಾತಾಡಿಸಿದಳು. ಅದು ತಲೆಯಾಡಿಸಿತೇ ಹೊರತು ಬಾಯಿ ಬಿಡಲಿಲ್ಲ. ಮಾತು ಬಾರದವರು ಯಾರೋ ಇರಬೇಕು ಎಂದುಕೊಂಡು ಅವಳು ಅದಕ್ಕೆ ಮೌನಿ ಎಂದು ಹೆಸರಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಕೊಳದ ಕಥೆಗಳನ್ನೆಲ್ಲ ಹೇಳಿದಳು. ಮನೆಯಲ್ಲಿ ಉಡುಗಿಹೋಗಿದ್ದ ದನಿ ಅಲ್ಲಿ ಖಣಖಣಿಸುತ್ತಿತ್ತು. ಅದನ್ನು ಕೆಡಿಸಲು ಮನಸ್ಸಾಗದೆ ತಮ್ಮ ಸಂಜೆ ಅಕ್ಕನಿಗೆ ನಿಜ ಹೇಳಲಿಲ್ಲ. ಮರುದಿನವೂ ಹೋದ. ನಾಳೆ ಹೇಳುತ್ತೇನೆ ಎನ್ನುತ್ತಲೇ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅವಳು ಕೊಳದ ಕಥೆಯೊಂದನ್ನು ಅರ್ಧಕ್ಕೇ ಬಿಟ್ಟಳು. ಆಮೇಲೆ ಹೇಳಿದಳು: "ನನ್ನ ತಮ್ಮ ತುಂಬ ಒಳ್ಳೆಯವನು ಮೌನಿ. ಅದೇ ಕಷ್ಟ. ಕೆಟ್ಟವನಾಗಿದ್ರೆ ಜಗಳ ಆಡಿ ಎದ್ದು ಹೋಗಿರ್ತಿದ್ದೆ. ನನ್ನ ಮನೆ ಖಾಲಿ ಮಾಡಿಸೋ ಮುಂಚೆ ಒಂದು ಮಾತು ಕೇಳಲಿಲ್ಲ ಅವನು."

ಹೇಳುತ್ತ ಹೇಳುತ್ತ ಅಳು ಬಂತು. ಅವತಾರ್‌ನ ಮುಖದಲ್ಲಿ ಕಣ್ಣೀರಿರಲಿಲ್ಲ, ಹಸಿರು ಹುಡುಗಿ ನಗುತ್ತಲೇ ಇದ್ದಳು. ಬಿಕ್ಕುವ ಸದ್ದು ಮಾತ್ರ ತಮ್ಮನ ಕಿವಿಗೆ ಬೀಳುತ್ತಿತ್ತು. ಅವನಿಗೆ ಮೈಯೆಲ್ಲ ಹಿಡಿಯಾದಂತಾಯಿತು. ಆ ಹೊತ್ತಿಗಾದರೂ ಮೈಕ್ ತೆರೆಯಬಹುದಿತ್ತು. ತೆರೆಯಲಿಲ್ಲ. ಕರಡಿ ತಲೆಯಾಡಿಸಿತು.

ಅಂದಿನಿಂದ ಎರಡು ಸಂಗತಿ ಅವನನ್ನು ಕೊರೆಯತೊಡಗಿದವು. ಕಳ್ಳನ ಹಾಗೆ ಕೇಳಿಸಿಕೊಂಡದ್ದು ಒಂದು ಕಡೆ, ಕೇಳಿಸಿಕೊಂಡದ್ದೆಲ್ಲ ನಿಜ ಎಂಬುದು ಇನ್ನೊಂದು ಕಡೆ. ಈಜುಕೊಳದ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದನ್ನು ಹುಡುಕಿದ. ಈ ಸಲ ಮಾಲೀಕರಿಗೆ ಮಾತು ಕೊಟ್ಟು ಬರಲಿಲ್ಲ. ಊಟದ ಹೊತ್ತಿನಲ್ಲಿ, ನೀನು ನೋಡಿ ಒಪ್ಪಿದರೆ ಮಾತ್ರ ಎಂದು ಅಕ್ಕನ ಮುಂದಿಟ್ಟ.

ಅಕ್ಕನ ಮುಖ ಬಿಳಿಚಿತು. "ನಾನು ನಿಮಗೆ ಭಾರ ಆದ್ನೇನೋ?"

ಅಲ್ಲ ಅಲ್ಲ ಎಂದು ಅವನ ಹೆಂಡತಿ ಗಾಬರಿಯಿಂದ ತಡೆದಳು. ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಲು ಅವನಿಗೂ ದಾರಿಯಿತ್ತು.

"ಆ ಮೌನಿ ನಾನೇ ಅಕ್ಕ," ಎಂದ.

ಅಕ್ಕ ತಟ್ಟೆಯಿಂದ ಕೈ ತೆಗೆದಳು. "ಯಾವಾಗಿಂದ?"

"ಮೊದಲ ದಿನದಿಂದ."

"ನಾನು ಅವನ ಹತ್ತಿರ ಅತ್ತಿದ್ದೆ ಕಣೋ," ಎಂದಳು. ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಡ್‌ಸೆಟ್ ಬೀರು ಸೇರಿತು. ಮನೆ ನೋಡಿ ಒಪ್ಪಿದಳು. ಸಾಮಾನು ಹೊತ್ತು ಇಳಿಸುವಾಗ ಅವನೊಡನೆ ಹೊರಗಿನವರೊಂದಿಗೆ ಆಡುವಷ್ಟೇ ಮರ್ಯಾದೆಯ ಮಾತಾಡಿದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಹೆಂಡತಿ ಎಷ್ಟು ಸಮಾಧಾನ ಹೇಳಿದರೂ ಅವನಿಗೆ ಆ ಬಿಕ್ಕು ಮರೆಯಲಾಗಲಿಲ್ಲ. ಒಬ್ಬ ಗೆಳೆಯನನ್ನು ಕೊಟ್ಟವನೂ ತಾನೇ, ಕಸಿದುಕೊಂಡವನೂ ತಾನೇ ಅನ್ನಿಸುತ್ತಿತ್ತು.

ಅಕ್ಕ ಕೋಲೂರಿಕೊಂಡು ಕೊಳಕ್ಕೆ ಹೋಗತೊಡಗಿದಳು. ಕುರ್ಚಿಯಲ್ಲಿ ಕೂತೇ ಮಕ್ಕಳನ್ನು ಗದರುತ್ತಿದ್ದಳು. ವೈದ್ಯರು ನೀರಿಗಿಳಿಯಬಹುದು ಎಂದ ದಿನ ಜೊತೆಗೆ ಬಾ ಎಂದು ತಮ್ಮನಿಗೇ ಹೇಳಿ ಕಳಿಸಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಾಗ ಅವನು ಮೊಣಕೈ ಆಸರೆ ಕೊಟ್ಟ. ನೀರು ಅವಳ ಸೊಂಟಕ್ಕೆ ಬಂದಾಗ ತಡೆಯಲಾರದೆ ಕೇಳಿದ:

"ನನ್ನನ್ನ ಕ್ಷಮಿಸಿದ್ಯಾ ಅಕ್ಕ?"

"ಇನ್ನೂ ಗೊತ್ತಿಲ್ಲ ಕಣೋ," ಎಂದಳು ಅವಳು. "ಕೈ ಬಿಡು, ಈಜ್ತೀನಿ."

ಅವನು ಬಿಟ್ಟ.